ಬಳಸಿದ ಫುಲ್ ಸಸ್ಪೆನ್ಷನ್ ಸೈಕಲ್: ಮೊದಲು ಟೇಪು, ಆಮೇಲೆ ಮಾತು

ಬಳಸಿದ ಫುಲ್ ಸಸ್ಪೆನ್ಷನ್ ಸೈಕಲ್, ಅಂದರೆ ಮುಂದೆ ಕುಗ್ಗುವ ಫೋರ್ಕ್, ಹಿಂದೆ ಶಾಕ್ ಇರುವ ಬೆಟ್ಟದ ಸೈಕಲ್, ನೋಡಲು ಹೋಗುವಾಗ ನನ್ನ ಚೀಲದಲ್ಲಿ ಅಳತೆ ಟೇಪು, ಶಾಕ್ ಪಂಪು, ಸಣ್ಣ ಟಾರ್ಚು, ಚೈನಿನ ಸವೆತ ಅಳೆಯುವ ಗೇಜು, ಅಲೆನ್ ಕೀಗಳು ಮತ್ತು ಒಂದು ಹಳೆಯ ಹತ್ತಿಬಟ್ಟೆ ಇರುತ್ತವೆ. ಮೊದಲು ಹೊರಬರುವುದು ಟೇಪು. ಮಾರುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅವರು ಗೇರು ಎಷ್ಟು ಹದವಾಗಿ ಬೀಳುತ್ತದೆ ಎಂದು ತೋರಿಸಲು ಪೆಡಲು ತಿರುಗಿಸುತ್ತಿರುತ್ತಾರೆ. ನಾನು ಸೈಕಲ್ಲನ್ನು ತಾಗಿಸಿ ನಿಲ್ಲಿಸಲು ಒಂದು ನೆಟ್ಟಗಿನ ಗೋಡೆ ಹುಡುಕುತ್ತಿರುತ್ತೇನೆ.

ಸವೆದ ಚೈನು ಬದಲಿಸಬಹುದು. ಸಡಿಲವಾದ ಬೇರಿಂಗ್ ಬದಲಿಸಬಹುದು. ಎಣ್ಣೆ ಕಾರುವ ಶಾಕ್ ಕೂಡ ಸರ್ವಿಸ್ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಗಿಡ್ಡ ಫ್ರೇಮನ್ನು ಉದ್ದ ಮಾಡಿಕೊಡುವ ಮೆಕ್ಯಾನಿಕ್ ಮಾತ್ರ ಇನ್ನೂ ಹುಟ್ಟಿಲ್ಲ. ಅಳತೆ ಕೂಡಿಬರದಿದ್ದರೆ ಉಳಿದದ್ದನ್ನು ನೋಡುವ ಶ್ರಮವನ್ನೇ ನಾನು ತೆಗೆದುಕೊಳ್ಳುವುದಿಲ್ಲ, ಅದೆಷ್ಟು ಅಗ್ಗವಾಗಿ ಸಿಗುತ್ತಿದ್ದರೂ.

ಈಚೆಗೆ ತಂಗಿಯ ಮಗ ಫೋನ್ ಮಾಡಿದ್ದ. “ದೊಡ್ಡಮ್ಮ, ಎಂ ಸೈಜಿನದು ಸಿಕ್ಕಿದೆ. 168ರಿಂದ 178 ಸೆಂಟಿಮೀಟರ್ ಎತ್ತರದವರಿಗೆ ಸರಿಯಂತೆ. ನಾನು 176. ತೆಗೆದುಕೊಳ್ಳಲೇ?” ಯಾವ ವರ್ಷದ್ದು ಎಂದು ಕೇಳಿದೆ. 2012ರ ಮಾದರಿ ಎಂದ. “ಹಾಗಾದರೆ ಆ ಎಂ ಬೇರೆ, ಈಗಿನ ಎಂ ಬೇರೆ ಕಣೋ” ಎಂದೆ. ಅವನು ನಂಬಲಿಲ್ಲ. ಕಂಪನಿಯ ಅಳತೆ ಪಟ್ಟಿ ಹುಡುಕಿಸಿ, ಅವನಿಂದಲೇ ಓದಿಸಿದೆ. ಆ ಫ್ರೇಮಿನ ರೀಚ್ (ಪೆಡಲು ತಿರುಗುವ ಅಚ್ಚಿನಿಂದ ಹ್ಯಾಂಡಲಿನ ಬುಡಕ್ಕೆ ಇರುವ ಅಡ್ಡ ದೂರ) 415 ಮಿ.ಮೀ. ಅವನು ಆಸೆಪಟ್ಟು ಓಡಿಸಿ ನೋಡಿದ್ದ ಗೆಳೆಯನ ಸೈಕಲ್ 2021ರದ್ದು, ಅದೂ ಎಂ. ಅದರ ರೀಚ್ 455. ಒಂದೇ ಅಕ್ಷರದ ನಡುವೆ 40 ಮಿ.ಮೀ. ಅಂತರ. ಇಂದಿನ ಲೆಕ್ಕದಲ್ಲಿ ಒಂದು ಸೈಜಿನಿಂದ ಮುಂದಿನ ಸೈಜಿಗೆ ಇರುವ ಅಂತರ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಮಾತ್ರ.

ಫ್ರೇಮುಗಳು ಸುಮ್ಮನೆ ಉದ್ದವಾಗಲಿಲ್ಲ. ಹಿಂದೆ ಹ್ಯಾಂಡಲನ್ನು ಹಿಡಿಯುವ ಸ್ಟೆಮ್ 80, 90, ಕೆಲವೊಮ್ಮೆ 100 ಮಿ.ಮೀ. ಇರುತ್ತಿತ್ತು, ಮೈಯನ್ನು ಮುಂದಕ್ಕೆ ಚಾಚುವ ಕೆಲಸವನ್ನು ಅದು ಮಾಡುತ್ತಿತ್ತು. ಇಳಿಜಾರಿನಲ್ಲಿ ಉದ್ದ ಸ್ಟೆಮ್ ಎಂದರೆ ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಜಡವಾಗುತ್ತದೆ. ಸ್ಪೇನಿನ ಮೊಂಡ್ರೇಕರ್ ಕಂಪನಿ 2012ರ ಸುಮಾರಿಗೆ ಫ್ರೇಮನ್ನು ಉದ್ದ ಮಾಡಿ ಸ್ಟೆಮ್ಮನ್ನು ವಿಪರೀತ ಗಿಡ್ಡ ಮಾಡಿದಾಗ ನಕ್ಕವರೇ ಹೆಚ್ಚು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಸ್ಟೆಮ್ 35–50 ಮಿ.ಮೀ.ಗೆ ಇಳಿಯಿತು, ಹ್ಯಾಂಡಲ್ 760–800 ಮಿ.ಮೀ. ಅಗಲವಾಯಿತು, ಫೋರ್ಕಿನ ಓರೆ 69 ಡಿಗ್ರಿಯ ಆಸುಪಾಸಿನಿಂದ 65ರ ಕಡೆಗೆ ಮಲಗಿತು. ಅಕ್ಷರಗಳ ಗೊಂದಲ ಬೇಡವೆಂದು ಸ್ಪೆಷಲೈಸ್ಡ್ ಕಂಪನಿ ತನ್ನ ಹಲವು ಮಾದರಿಗಳಿಗೆ ಎಸ್2, ಎಸ್3 ಎಂಬ ಬೇರೆಯೇ ಕ್ರಮ ತಂದಿತು. ಅಲ್ಲಿ ಕಾಲಿನ ಉದ್ದಕ್ಕಿಂತ ರೀಚ್ ನೋಡಿ ಆರಿಸಿಕೊಳ್ಳಿ ಎಂಬುದು ಉದ್ದೇಶ. ನನಗೆ ಅದು ಪ್ರಾಮಾಣಿಕವಾಗಿ ಕಾಣುತ್ತದೆ.

ನಿಖರವಾಗಿ ರೀಚ್ ಎಂದರೆ ಪೆಡಲಿನ ಅಚ್ಚಿನ (ಎರಡೂ ಪೆಡಲಿನ ತೋಳುಗಳು ಕೂಡುವ, ಫ್ರೇಮಿನ ಕೆಳಗಿನ ಬಾಟಮ್ ಬ್ರಾಕೆಟ್ಟಿನ) ನಡುವಿನಿಂದ ಹೆಡ್ ಟ್ಯೂಬಿನ (ಫೋರ್ಕಿನ ನಳಿಗೆ ತೂರುವ ಮುಂದಿನ ಗಿಡ್ಡ ನಳಿಗೆಯ) ಮೇಲ್ತುದಿಯ ನಡುವಿನವರೆಗೆ ಅಡ್ಡಡ್ಡ ಇರುವ ದೂರ. ಅದೇ ಎರಡು ಬಿಂದುಗಳ ನಡುವಿನ ಎತ್ತರ ಸ್ಟ್ಯಾಕ್. ಅಳತೆ ಪಟ್ಟಿ ಸಿಗದ ಹಳೆಯ ಮಾದರಿಗಳಿಗೆ ಗೋಡೆ ಬೇಕಾಗುವುದು ಇಲ್ಲಿ. ಸಮನೆಲದಲ್ಲಿ ಸೈಕಲ್ಲನ್ನು ನೇರ ನಿಲ್ಲಿಸಿ, ಹ್ಯಾಂಡಲ್ ತಿರುಗದಂತೆ, ಮುಂದಿನ ಟೈರನ್ನು ಗೋಡೆಗೆ ತಾಗಿಸಿ. ಗೋಡೆಯಿಂದ ಪೆಡಲಿನ ಅಚ್ಚಿನ ನಡುವಿಗೆ ಎಷ್ಟು ದೂರ ಎಂದು ಅಳೆಯಿರಿ. ಗೋಡೆಯಿಂದ ಹೆಡ್ ಟ್ಯೂಬಿನ ಮೇಲ್ತುದಿಯ ನಡುವಿಗೆ ಎಷ್ಟು ಎಂದು ಅಳೆಯಿರಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ರೀಚ್. ನೆಲದಿಂದ ಅವೆರಡರ ಎತ್ತರಗಳನ್ನು ಅಳೆದು ಕಳೆದರೆ ಸ್ಟ್ಯಾಕ್. ಸೈಕಲ್ ಹಿಡಿದು ನಿಲ್ಲಲು ಇನ್ನೊಬ್ಬರು ಬೇಕು. ಮಾರುವವರಿಗೇ ಆ ಕೆಲಸ ಕೊಡುತ್ತೇನೆ.

ಪಟ್ಟಿ ಸಿಕ್ಕಿದರೂ ಗೋಡೆಯ ಅಳತೆಯನ್ನು ನಾನು ಬಿಡುವುದಿಲ್ಲ. ಹಿಂದಿನ ಮಾಲೀಕರು ಫೋರ್ಕ್ ಬದಲಿಸಿರಬಹುದು. ಮೂಲಕ್ಕಿಂತ 20 ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಇಡೀ ಫ್ರೇಮ್ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಆಗ ರೀಚ್ ಸುಮಾರು 10 ಮಿ.ಮೀ. ಕಡಿಮೆಯಾಗುತ್ತದೆ, ಪೆಡಲಿನ ಅಚ್ಚು ಮೇಲೇರುತ್ತದೆ, ಸೀಟು ಹಿಂದಕ್ಕೆ ಸರಿಯುತ್ತದೆ. “ಅಪ್‌ಗ್ರೇಡ್ ಮಾಡಿದ್ದೇನೆ” ಎಂದು ಹೆಮ್ಮೆಯಿಂದ ಹೇಳಿದ ಸೈಕಲ್ಲಿನಲ್ಲಿ ಇದು ನಡೆದಿರುವುದೇ ಹೆಚ್ಚು.

ರೀಚ್ ಒಂದನ್ನೇ ಹಿಡಿದು ಕುಳಿತವರನ್ನೂ ನೋಡಿದ್ದೇನೆ. ಅದು ನಿಂತು ಓಡಿಸುವಾಗಿನ ಅಳತೆ: ಇಳಿಜಾರಿನಲ್ಲಿ ಕಾಲು ಪೆಡಲಿನ ಮೇಲೆ, ಕೈ ಹ್ಯಾಂಡಲಿನ ಮೇಲೆ, ಸೀಟಿಗೆ ಅಲ್ಲಿ ಕೆಲಸವಿಲ್ಲ. ಕುಳಿತು ಏರುವಾಗ ಲೆಕ್ಕಕ್ಕೆ ಬರುವುದು ಸೀಟಿನಿಂದ ಹೆಡ್ ಟ್ಯೂಬಿಗೆ ಇರುವ ಅಡ್ಡ ದೂರ, ಅಂದರೆ ಎಫೆಕ್ಟಿವ್ ಟಾಪ್ ಟ್ಯೂಬ್. ಅದನ್ನು ಸೀಟ್ ಟ್ಯೂಬಿನ ಓರೆ ನಿರ್ಧರಿಸುತ್ತದೆ. ಎರಡು ಫ್ರೇಮುಗಳ ರೀಚ್ 450, ಸ್ಟ್ಯಾಕ್ 610 ಎಂದುಕೊಳ್ಳಿ. ಸೀಟ್ ಟ್ಯೂಬ್ 74 ಡಿಗ್ರಿ ಇದ್ದರೆ ಆ ದೂರ ಸುಮಾರು 625 ಮಿ.ಮೀ.; 77 ಇದ್ದರೆ ಸುಮಾರು 591. ನಿಂತಾಗ ಒಂದೇ ಸೈಕಲ್, ಕುಳಿತಾಗ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ. ಕಡಿದಾದ ಏರಿನಲ್ಲಿ 77 ಡಿಗ್ರಿಯದು ಸುಖ, ಮುಂದಿನ ಚಕ್ರ ನೆಲ ಬಿಡುವುದಿಲ್ಲ. ಸಮತಟ್ಟಾದ ದಾರಿಯಲ್ಲಿ ಗಂಟೆಗಟ್ಟಲೆ ತುಳಿಯುವವರಿಗೆ ಅದೇ ಓರೆ ಅಂಗೈಗೆ ಭಾರ ಕೊಡುತ್ತದೆ. ನಿಮ್ಮ ದಾರಿ ಯಾವುದು ಎಂಬುದನ್ನು ನೋಡಿ ತೀರ್ಮಾನಿಸಿ. ಉದ್ದ ಕಾಲಿನವರಿಗೆ ಇನ್ನೊಂದು ತೊಡಕಿದೆ. ಬಹಳ ಫುಲ್ ಸಸ್ಪೆನ್ಷನ್ ಫ್ರೇಮುಗಳಲ್ಲಿ ಸೀಟ್ ಟ್ಯೂಬ್ ಪೆಡಲಿನ ಅಚ್ಚಿನಿಂದ ನೇರ ಹೊರಡುವುದಿಲ್ಲ. ಸ್ವಲ್ಪ ಮುಂದಿನಿಂದ ಹೊರಟು ಹೆಚ್ಚು ಓರೆಯಾಗಿ ಹಿಂದಕ್ಕೆ ಹೋಗುತ್ತದೆ. ಪಟ್ಟಿಯಲ್ಲಿ ಬರೆದ ಡಿಗ್ರಿ ಒಂದು ನಿರ್ದಿಷ್ಟ ಎತ್ತರದ್ದು. ಸೀಟನ್ನು ಅದಕ್ಕಿಂತ ಎತ್ತಿದಷ್ಟೂ ಅದು ಹಿಂದಿನ ಚಕ್ರದ ಮೇಲಕ್ಕೆ ಸರಿಯುತ್ತದೆ.

ಗಿಡ್ಡ ಕಾಲಿನ ನನ್ನಂಥವರ ತೊಡಕು ಬೇರೆ. ನಾನು 163 ಸೆಂ.ಮೀ.; ಗೋಡೆಗೆ ಬೆನ್ನು ಕೊಟ್ಟು, ತೊಡೆಗಳ ನಡುವೆ ಪುಸ್ತಕ ಒತ್ತಿ ಅಳೆದರೆ ಒಳಗಾಲು 75 ಸೆಂ.ಮೀ. ಅದನ್ನು 0.883ರಿಂದ ಗುಣಿಸುವುದು ಹಳೆಯ ಸೂತ್ರ. ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ 662 ಮಿ.ಮೀ. ಬರುತ್ತದೆ. ಇದು ಅಂತಿಮ ಸತ್ಯವಲ್ಲ, ಆದರೆ ಲೆಕ್ಕ ಆರಂಭಿಸಲು ಸಾಕು. ಈಗ ಆ 662ರಲ್ಲಿ ಏನೇನು ಕೂರಬೇಕು? ಸೀಟ್ ಟ್ಯೂಬ್, ಅದರ ಮೇಲೆ ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟನ್ನು ಇಳಿಸಿ ಏರಿಸುವ ಕಂಬ), ಅದರ ಮೇಲೆ ಸೀಟು. ಸೀಟಿನ ದಪ್ಪ ಸುಮಾರು 48 ಮಿ.ಮೀ. ಹಳೆಯ ಎಂ ಫ್ರೇಮಿನ ಸೀಟ್ ಟ್ಯೂಬ್ 445 ಎಂದಿಟ್ಟುಕೊಂಡರೆ ಡ್ರಾಪರಿಗೆ ಉಳಿಯುವುದು 169. ಡ್ರಾಪರಿನ ತಲೆ ಮತ್ತು ಕೊರಳಪಟ್ಟಿಗೇ 35–45 ಮಿ.ಮೀ. ಹೋಗುತ್ತದೆ, ಆದ್ದರಿಂದ 125 ಮಿ.ಮೀ. ಇಳಿಯುವ ಪೋಸ್ಟಿಗಿಂತ ಹೆಚ್ಚಿನದು ಹಿಡಿಯುವುದಿಲ್ಲ. ಈಗಿನ ಎಸ್ ಫ್ರೇಮಿನ ಸೀಟ್ ಟ್ಯೂಬ್ 380ರ ಸುಮಾರು. ಅಲ್ಲಿ 170 ಮಿ.ಮೀ. ಇಳಿಯುವುದು ಆರಾಮವಾಗಿ ಹಿಡಿಯುತ್ತದೆ. ಅದರ ರೀಚ್ ಕೂಡ 425–430, ಅಂದರೆ ಹಳೆಯ ಎಂಗಿಂತ ಉದ್ದ. ಹಾಗಾಗಿ “ರೀಚ್ ಕಡಿಮೆ ಅನ್ನಿಸಿದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ” ಎಂಬ ಸಲಹೆ ಹಳೆಯ ಸೈಕಲ್ಲಿನ ವಿಷಯದಲ್ಲಿ ಅರ್ಧ ಮಾತ್ರ ನಿಜ. ದೊಡ್ಡ ಸೈಜಿನೊಂದಿಗೆ ಉದ್ದದ ಸೀಟ್ ಟ್ಯೂಬ್ ಕೂಡ ಬರುತ್ತದೆ, ಇಳಿಜಾರಿನಲ್ಲಿ ಸೀಟು ಎದೆಗೆ ಗುದ್ದುತ್ತದೆ.

ಇನ್ನೊಂದು ಮಾತು: ಸೀಟ್ ಟ್ಯೂಬಿನ ಒಳಗೆ ಎಷ್ಟು ಆಳ ಖಾಲಿ ಇದೆ? ನಡುವೆ ಬಾಗು, ಪಿವಟ್ (ಫ್ರೇಮಿನ ಹಿಂಭಾಗ ತಿರುಗುವ ಕೀಲು), ಬಾಟಲಿಯ ಬೋಲ್ಟು ಅಡ್ಡ ಬರಬಹುದು. ಕ್ಲಾಂಪ್ ಸಡಿಲಿಸಿ ಪೋಸ್ಟನ್ನು ಪೂರ್ತಿ ಕೆಳಗೆ ತಳ್ಳಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಕೂಡಿಬಂದರೆ ಟೇಪು ಒಳಗೆ ಇಟ್ಟು ಶಾಕ್ ಪಂಪು ತೆಗೆಯುತ್ತೇನೆ.

ಹಿಂದಿನ ಶಾಕ್ ಮೇಲೆ ಎರಡು ಸಂಖ್ಯೆ ಬರೆದಿರುತ್ತದೆ: ಎರಡು ತುದಿಯ ಬೋಲ್ಟಿನ ರಂಧ್ರಗಳ ನಡುವೆ, ಅಂದರೆ ಕಣ್ಣಿನಿಂದ ಕಣ್ಣಿಗೆ ಉದ್ದ ಮತ್ತು ಸ್ಟ್ರೋಕ್ (ಶಾಕ್ ಕುಗ್ಗಬಲ್ಲ ದೂರ). 210×50, 230×65 ಎಂಬಂಥ ಗುಂಡು ಸಂಖ್ಯೆಗಳು 2016ರಿಂದ ಬಂದ ಮೆಟ್ರಿಕ್ ಕ್ರಮ; 200×57, 216×63 ಅದಕ್ಕಿಂತ ಹಿಂದಿನ ಇಂಚಿನ ಕ್ರಮ. ಹಳೆಯದು ಸಿಗುವುದೇ ಇಲ್ಲ ಎಂದಲ್ಲ, ಆಯ್ಕೆ ಕಡಿಮೆ. ಕೆಲವು ಕಂಪನಿಗಳು ತಮ್ಮ ಫ್ರೇಮಿಗೆ ಮಾತ್ರ ಹೊಂದುವ ಶಾಕ್ ಮಾಡಿಸುತ್ತಿದ್ದವು. ಕ್ಯಾನನ್‌ಡೇಲ್‌ನ ಕೆಲವು ಮಾದರಿಗಳಲ್ಲಿದ್ದ ಡಯಾಡ್ ಶಾಕ್ ಒತ್ತುವ ಬದಲು ಎಳೆದಾಗ ಕೆಲಸ ಮಾಡುತ್ತಿತ್ತು. ಅಂಥದ್ದು ಕೆಟ್ಟರೆ ಬೇರೆ ಶಾಕ್ ತಂದು ಕೂರಿಸಲು ಬರುವುದಿಲ್ಲ. ನಾನಂತೂ ಅಂಥ ಸೈಕಲ್ ಕೊಳ್ಳುವುದಿಲ್ಲ, ಓಡಿಸಲು ಎಷ್ಟೇ ಚೆಂದವಿರಲಿ.

ಶಾಕಿನ ಹೊಳೆಯುವ ಕಂಬವನ್ನು ಬಟ್ಟೆಯಿಂದ ಒರೆಸಿ, ಉಗುರನ್ನು ಮೇಲಿಂದ ಕೆಳಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಸೀಲನ್ನು ಕೊರೆಯುತ್ತಿದೆ. ರಿಬೌಂಡ್ ಗುಂಡಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸೀಟು ಒತ್ತಿ ಬಿಟ್ಟರೆ ಮೇಲೆದ್ದು ಬರುವ ವೇಗದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಬೇಕು. ಒತ್ತಿದಾಗ ಪಚಪಚ ಸದ್ದು ಬಂದರೆ ಎಣ್ಣೆಯೊಳಗೆ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಬರೀ ಸೀಲ್ ಬದಲಿಸಿದರೆ ಅದು ಹೋಗುವುದಿಲ್ಲ. ಆಮೇಲೆ ಮಾಲೀಕರ ಒಪ್ಪಿಗೆ ಕೇಳಿ, ಈಗಿರುವ ಒತ್ತಡ ಬರೆದುಕೊಂಡು, ಗಾಳಿ ಪೂರ್ತಿ ಬಿಡಿ. ನಿಧಾನವಾಗಿ, ನಡುನಡುವೆ ಸೀಟು ಒತ್ತುತ್ತಾ ಬಿಡಬೇಕು, ಇಲ್ಲದಿದ್ದರೆ ಶಾಕಿನೊಳಗೆ ಎದುರು ದಿಕ್ಕಿಗೆ ಒತ್ತುವ ನೆಗೆಟಿವ್ ಕೋಣೆಯಲ್ಲಿ ಗಾಳಿ ಉಳಿದು ಶಾಕ್ ಒಳಕ್ಕೆ ಎಳೆದುಕೊಳ್ಳುತ್ತದೆ. ಖಾಲಿ ಶಾಕನ್ನು ಕೊನೆಯವರೆಗೆ ಕುಗ್ಗಿಸಿ ಹಿಂದಿನ ಟೈರು ಸೀಟ್ ಟ್ಯೂಬಿಗೆ ತಾಗುತ್ತದೆಯೇ, ಲಿಂಕ್ (ಹಿಂಭಾಗವನ್ನು ಶಾಕಿಗೆ ಕೂಡಿಸುವ ತುಂಡು) ಫ್ರೇಮಿಗೆ ಬಡಿಯುತ್ತದೆಯೇ ನೋಡಿ. ಸರಿಯಲ್ಲದ ಅಳತೆಯ ಶಾಕ್ ಹಾಕಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಹಾಗೆ ಕುಗ್ಗಿಸುವಾಗ ಪಿವಟ್‌ಗಳು ಮೆತ್ತಗೆ ತಿರುಗಬೇಕು, ಮರಳು ಅರೆದಂಥ ಸ್ಪರ್ಶ ಇರಬಾರದು.

ಮತ್ತೆ ಗಾಳಿ ತುಂಬಿ, ಸೈಕಲ್ ನೆಲದ ಮೇಲಿರುವಂತೆಯೇ ಸೀಟಿನ ತುದಿ ಹಿಡಿದು ಮೆಲ್ಲಗೆ ಎತ್ತಿ. ಹಿಂದಿನ ಚಕ್ರ ನೆಲ ಬಿಡುವ ಮೊದಲೇ “ಟಕ್” ಎಂದರೆ ಎಲ್ಲೋ ಸಡಿಲವಿದೆ. ಎಲ್ಲಿ ಎಂದು ತಿಳಿಯಲು ಒಂದೊಂದೇ ಕೀಲಿನ ಮೇಲೆ, ಎರಡೂ ಭಾಗಗಳಿಗೆ ತಾಗುವಂತೆ ಬೆರಳಿಟ್ಟು ಮತ್ತೆ ಎತ್ತಿ. ಅಲ್ಲಾಡುವ ಕೀಲು ಬೆರಳಿಗೆ ಗೊತ್ತಾಗುತ್ತದೆ. ಶಾಕಿನ ಕಣ್ಣಿನ ಬುಷ್ ಸವೆದಿದ್ದರೆ ಚಿಂತೆಯಿಲ್ಲ, ಅದು ಸಣ್ಣ ಭಾಗ. ಪಿವಟ್ ಬೇರಿಂಗ್‌ಗಳೂ ಬದಲಾಗುವಂಥವೇ. ಆದರೆ ಸಡಿಲವಾದ ಬೇರಿಂಗ್‌ನೊಂದಿಗೇ ಬಹಳ ಕಾಲ ಓಡಿಸಿದ್ದರೆ ಬೇರಿಂಗ್ ಕೂರುವ ಗುಂಡಿಯೇ ಅಗಲವಾಗಿರುತ್ತದೆ, ಆಗ ಹೊಸ ಬೇರಿಂಗ್ ಕೂಡ ನಿಲ್ಲುವುದಿಲ್ಲ. ಬೋಲ್ಟು ಬಿಗಿಯಾಗಿದ್ದೂ ಬೇರಿಂಗಿನ ಹೊರಬಳೆಯೇ ಅಲ್ಲಾಡುತ್ತಿದ್ದರೆ ನಾನು ಪಂಪು ಚೀಲಕ್ಕೆ ಹಾಕಿ ನಮಸ್ಕಾರ ಹೇಳುತ್ತೇನೆ.

ಬಿರುಕು ಹುಡುಕುವುದು ತಾಳ್ಮೆಯ ಕೆಲಸ. ಅಲ್ಯೂಮಿನಿಯಂನಲ್ಲಿ ಬೆಸುಗೆಯ ಪಕ್ಕ: ಹೆಡ್ ಟ್ಯೂಬಿನ ಕೆಳಗೆ, ಶಾಕ್ ಕೂರುವ ಜಾಗದ ಸುತ್ತ, ಮುಖ್ಯ ಪಿವಟ್‌ನ ಹಿಂದಿನ ಕವಲಿನಲ್ಲಿ. ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿಯಿರಿ. ಕೊಳೆ ಒರೆಸಿದ ಮೇಲೂ ಕೂದಲಿನಷ್ಟು ತೆಳು ಕಪ್ಪುಗೆರೆ ಉಳಿದರೆ ಅನುಮಾನಿಸಿ. ಕಾರ್ಬನ್ ಆಗಿದ್ದರೆ ಡೌನ್ ಟ್ಯೂಬಿನ (ಕೆಳಗಿನ ಓರೆ ನಳಿಗೆಯ) ಹೊಟ್ಟೆಭಾಗ, ಕಲ್ಲು ಬಂದು ಬಡಿಯುವ ಜಾಗ. ನಾಣ್ಯದಿಂದ ತಟ್ಟುತ್ತಾ ಹೋದರೆ ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂಕಾಗುವ ಜಾಗ ಸಂಶಯಾಸ್ಪದ, ಆದರೆ ಪದರದ ದಪ್ಪ ಬದಲಾದಲ್ಲೂ ಸದ್ದು ಬದಲಾಗುತ್ತದೆ, ಅದೊಂದನ್ನೇ ನೆಚ್ಚಬೇಡಿ. ಹೊಸದಾಗಿ ಅಂಟಿಸಿದ ಸ್ಟಿಕ್ಕರ್ ಇದ್ದರೆ ಅದರ ಕೆಳಗೆ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ. “ಲೈಫ್‌ಟೈಮ್ ವಾರಂಟಿ ಇದೆ” ಎಂಬ ಮಾತಿಗೆ ಎರಡನೆಯ ಮಾಲೀಕರ ಪಾಲಿಗೆ ಹೆಚ್ಚು ಬೆಲೆಯಿಲ್ಲ. ಬಿಲ್ ಕೇಳುವುದು ಬೇರೆ ಕಾರಣಕ್ಕೆ. ಪೆಡಲಿನ ಅಚ್ಚಿನ ಕೆಳಗೆ ಕೊರೆದ ಸೀರಿಯಲ್ ಸಂಖ್ಯೆ ಅದರಲ್ಲಿ ಇರುವುದಕ್ಕೆ ಹೊಂದಬೇಕು. ಸಂಖ್ಯೆ ಉಜ್ಜಿ ಹೋಗಿದ್ದರೆ ಮಾತೇ ಬೇಡ.

ಫೋರ್ಕಿಗೂ ಅದೇ ಉಗುರಿನ ಪರೀಕ್ಷೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತೂಗಿದಾಗ ಮೇಲಿನ ಕ್ರೌನ್ (ಫೋರ್ಕಿನ ಎರಡು ಕಾಲುಗಳನ್ನು ಕೂಡಿಸುವ ಭಾಗ) ಕಿರುಗುಟ್ಟಿದರೆ ಆ ಇಡೀ ಭಾಗ ಬದಲಿಸಬೇಕಾಗಬಹುದು, ಅದು ದುಬಾರಿ ವ್ಯವಹಾರ. ಫೋರ್ಕಿನಿಂದ ಸ್ಟೆಮ್ಮಿಗೆ ಏರುವ ಸ್ಟೀರರ್ ನಳಿಗೆಯನ್ನು ಎಷ್ಟು ಕತ್ತರಿಸಿದ್ದಾರೆ ಎಂಬುದನ್ನೂ ನೋಡಿ: ಹೆಚ್ಚು ಗಿಡ್ಡವಾಗಿದ್ದರೆ ಹ್ಯಾಂಡಲ್ ಮೇಲೆತ್ತಲು ಜಾಗವೇ ಇರುವುದಿಲ್ಲ. ಸರ್ವಿಸ್ ವಿಷಯದಲ್ಲಿ, ಫೋರ್ಕ್ ಮತ್ತು ಶಾಕ್ ತಯಾರಿಸುವ ಕಂಪನಿಗಳಲ್ಲಿ ಫಾಕ್ಸ್ ಹೇಳುವುದು 125 ಗಂಟೆ ಅಥವಾ ವರ್ಷಕ್ಕೊಮ್ಮೆ. ರಾಕ್‌ಶಾಕ್ಸ್ ಫೋರ್ಕಿನ ಕೆಳಕಾಲುಗಳ ಎಣ್ಣೆಗೆ 50 ಗಂಟೆ ಎನ್ನುತ್ತದೆ. “ಏನೂ ಮಾಡಿಸುವ ಅಗತ್ಯವೇ ಬಂದಿಲ್ಲ” ಎಂದು ಮಾಲೀಕರು ಸಂತೋಷದಿಂದ ಹೇಳಿದರೆ, ಫೋರ್ಕ್ ಮತ್ತು ಶಾಕ್ ಎರಡರ ಪೂರ್ತಿ ಸರ್ವಿಸ್ ಖರ್ಚನ್ನು ಅವರ ಬೆಲೆಗೆ ಕೂಡಿಸಿಕೊಂಡು ಲೆಕ್ಕ ಹಾಕಿ.

ಚಕ್ರದ ಅಚ್ಚಿನ ಅಳತೆ ನೋಡದೆ ಬರಬೇಡಿ. ಹಿಂದಿನ ಚಕ್ರದಲ್ಲಿ 148 ಮಿ.ಮೀ. ಅಗಲದ, ಬೂಸ್ಟ್ ಎಂಬ ಅಚ್ಚು 2014ರ ಸುಮಾರಿಗೆ ಬಂದದ್ದು. ಅದಕ್ಕೂ ಮೊದಲು 142, ಇನ್ನೂ ಹಿಂದಿನವು 135. ಮುಂದೆ ಎರಡೋ ಮೂರೋ ವರ್ಷಗಳಲ್ಲಿ ಒಳ್ಳೆಯ ಚಕ್ರ ಹುಡುಕುವಾಗ 148 ಇದ್ದವರಿಗೆ ಕೆಲಸ ಸುಲಭ. 26 ಇಂಚಿನ ಚಕ್ರದ ಫುಲ್ ಸಸ್ಪೆನ್ಷನ್ ಅಗ್ಗವಾಗಿ ಸಿಗುವುದಕ್ಕೆ ಕಾರಣ ಇದೆ: ಒಳ್ಳೆಯ ಟೈರು, ಫೋರ್ಕ್, ರಿಮ್ ಎಲ್ಲವೂ 27.5 ಮತ್ತು 29ಕ್ಕೆ ಹೋಗಿಬಿಟ್ಟಿವೆ. ಗೇರು, ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಗ್ಗೆ ನಾನು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಗೇಜು 0.75 ಕಡೆಗೆ ಪೂರ್ತಿ ಇಳಿದರೆ ಚೈನಿನ ಜೊತೆ ಕ್ಯಾಸೆಟ್ಟೂ ಹೋಗಿದೆ ಎಂದುಕೊಂಡು ಬೆಲೆ ಇಳಿಸಲು ಕೇಳುತ್ತೇನೆ, ಅಷ್ಟೇ.

ಎಷ್ಟು ಟ್ರಾವೆಲ್ (ಸಸ್ಪೆನ್ಷನ್ ಕುಗ್ಗಿದಾಗ ಚಕ್ರ ಮೇಲೇರಬಲ್ಲ ದೂರ) ಬೇಕು ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. 160 ಮಿ.ಮೀ. ಸೈಕಲ್ ಕೊಂಡವರಲ್ಲಿ ಬಹುಮಂದಿ ಅದಕ್ಕೆ ತಕ್ಕ ಇಳಿಜಾರು ಹುಡುಕುತ್ತಾ ಉಳಿದ ದಾರಿಯೆಲ್ಲ ಅದನ್ನು ಎಳೆದುಕೊಂಡು ಹೋಗುತ್ತಾರೆ. ಕಾಲುದಾರಿ, ಬೇರು, ಕಲ್ಲು, ಒಂದಿಷ್ಟು ಏರು ಇರುವವರಿಗೆ 120–140 ಸಾಕು. ಹಿಂದಿನ ಟ್ರಾವೆಲನ್ನು ಶಾಕಿನ ಸ್ಟ್ರೋಕಿನಿಂದ ಭಾಗಿಸಿ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. 130ನ್ನು 50ರಿಂದ ಭಾಗಿಸಿದರೆ 2.6. ಈ ಸಂಖ್ಯೆ 3ರ ಹತ್ತಿರ ಹೋದಂತೆ ಅದೇ ತೂಕದವರಿಗೆ ಶಾಕಿನಲ್ಲಿ ಹೆಚ್ಚು ಒತ್ತಡ ಬೇಕಾಗುತ್ತದೆ. ಭಾರದ ಮೈಯವರು ಕುಳಿತು ಸ್ಯಾಗ್, ಅಂದರೆ ಮೈಯ ಭಾರಕ್ಕೇ ಶಾಕ್ ಎಷ್ಟು ಕುಗ್ಗುತ್ತದೆ ಎಂದು, ನೋಡಲೇಬೇಕು: 50 ಮಿ.ಮೀ. ಸ್ಟ್ರೋಕಿನಲ್ಲಿ 12ರಿಂದ 15 ಮಿ.ಮೀ. ಕುಗ್ಗಿದರೆ ಸರಿ. ಶಾಕಿನ ಮೇಲೆ ಬರೆದಿರುವ ಗರಿಷ್ಠ ಒತ್ತಡ (ಪಿಎಸ್‌ಐ) ಮುಟ್ಟಿದರೂ ಅದಕ್ಕಿಂತ ಹೆಚ್ಚು ಕುಗ್ಗುತ್ತಿದ್ದರೆ ಆ ಸೈಕಲ್ ನಿಮ್ಮ ತೂಕಕ್ಕೆ ಹೇಳಿ ಮಾಡಿಸಿದ್ದಲ್ಲ.

ತಂಗಿಯ ಮಗ ಕೊನೆಗೆ 450 ರೀಚಿನದ್ದೊಂದನ್ನು ಹುಡುಕಿಕೊಂಡ. ಹಿಂದಿನ ಪಿವಟ್‌ಗಳಲ್ಲಿ ಎರಡು ಬೇರಿಂಗ್ ಸಡಿಲವಿದ್ದವು, ಗುಂಡಿಗಳು ಸರಿಯಿದ್ದವು, ನಾನು ಹೂಂ ಎಂದೆ. ಕೈ ಸ್ವಲ್ಪ ಚಾಚಿದಂತಾಗುತ್ತದೆ, ಸ್ಟೆಮ್ 50ರ ಬದಲು 40 ಹಾಕಲೇ ಎಂದು ಕೇಳುತ್ತಿದ್ದಾನೆ. ಹಾಕಬಹುದು. ಹತ್ತು ಹದಿನೈದು ಮಿಲಿಮೀಟರಿನ ತಿದ್ದುಪಡಿಗೆ ಸ್ಟೆಮ್ ಇರುವುದೇ ಆ ಕೆಲಸಕ್ಕೆ. ಸೀಟನ್ನು ಮುಂದೆ ತಳ್ಳಿ ಕೈಯ ದೂರ ಸರಿಪಡಿಸಲು ಹೋಗಬಾರದು, ಸೀಟಿನ ಜಾಗ ಮಂಡಿಗೆ ಸೇರಿದ್ದು. ಅದಕ್ಕೂ ಮೊದಲು ಗ್ರಿಪ್ ಮತ್ತು ಬ್ರೇಕ್ ಲಿವರುಗಳನ್ನು ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳಗೆ ಸರಿಸಿ ಓಡಿಸಿ ನೋಡು ಎಂದಿದ್ದೇನೆ. 800ರ ಹ್ಯಾಂಡಲ್ 780 ಆದರೆ ಸಾಕಾಗಬಹುದು, ಸ್ಟೆಮ್ ಕೊಳ್ಳುವ ಖರ್ಚೂ ಉಳಿಯುತ್ತದೆ. ಹ್ಯಾಂಡಲ್ ಕತ್ತರಿಸಲು ಗರಗಸ ಮಾತ್ರ ಈಗಲೇ ತೆಗೆಯಬೇಡ ಎಂದೂ ಹೇಳಿದ್ದೇನೆ.